ಕುಲುಮೆಯ ಪ್ರಶ್ನೆ ಬೇರೆ, ಊರಿನ ಪ್ರಶ್ನೆ ಬೇರೆ

ಜಯಪುರದ ಕಡೆಯಿಂದ ಹೊರಟು, ಕೊಪ್ಪದ ಮೇಲಾಗಲಿ ಬಾಳೆಹೊನ್ನೂರಿನ ಮೇಲಾಗಲಿ ನರಸಿಂಹರಾಜಪುರ ಸೇರಿ, ಅಲ್ಲಿಂದ ಕಾಡಿನ ದಾರಿಯಲ್ಲಿ ಇಳಿದರೆ ಮಲೆನಾಡು ಮುಗಿಯುವಲ್ಲಿ ಭದ್ರಾವತಿ ಸಿಗುತ್ತದೆ. ನಮ್ಮ ಮೂರು ತಾಲ್ಲೂಕುಗಳ ಹಿರಿಯರ ಪಾಲಿಗೆ ಅದು ಪಕ್ಕದ ಜಿಲ್ಲೆಯ ಇನ್ನೊಂದು ಊರು ಮಾತ್ರವಾಗಿರಲಿಲ್ಲ. ತೋಟದ ಹುಟ್ಟುವಳಿ ಇಬ್ಬರು ಮಕ್ಕಳಿಗೆ ಸಾಲದ ಮನೆಯಿಂದ ಒಬ್ಬ ಕಾರ್ಖಾನೆಗೆ ಹೋಗುತ್ತಿದ್ದ. ಹುಡುಗ ಭದ್ರಾವತಿಯಲ್ಲಿದ್ದಾನೆ ಎಂದರೆ ಹೆಣ್ಣು ಕೊಡುವವರು ಮುಂದಿನ ಪ್ರಶ್ನೆ ಕೇಳುತ್ತಿರಲಿಲ್ಲ. ಇಂದು ಆ ಊರಿನ ಹುಡುಗರೂ ನಮ್ಮ ಊರಿನ ಹುಡುಗರೂ ಒಂದೇ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುತ್ತಿದ್ದಾರೆ.

ನಡೆದದ್ದನ್ನು ಚುಟುಕಾಗಿ ನೆನಪಿಸಿಕೊಳ್ಳೋಣ. ಮೈಸೂರು ಕಾಗದ ಕಾರ್ಖಾನೆಯಲ್ಲಿ ಉತ್ಪಾದನೆ 2015ರಲ್ಲಿ ನಿಂತಿತು. ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆಯ ಷೇರು ವಿಕ್ರಯಕ್ಕೆ ಕೇಂದ್ರ ಸರ್ಕಾರ 2016ರಲ್ಲಿ ತಾತ್ತ್ವಿಕ ಒಪ್ಪಿಗೆ ನೀಡಿತು. 2019ರಲ್ಲಿ ಆಸಕ್ತರನ್ನು ಆಹ್ವಾನಿಸಲಾಯಿತು. 2022ರ ಅಕ್ಟೋಬರ್‌ನಲ್ಲಿ ಆ ಪ್ರಕ್ರಿಯೆಯನ್ನೇ ಕೈಬಿಡಲಾಯಿತು. 2023ರ ಜನವರಿಯಲ್ಲಿ ಭಾರತೀಯ ಉಕ್ಕು ಪ್ರಾಧಿಕಾರವು ಕಾರ್ಖಾನೆಯನ್ನು ಮುಚ್ಚುವ ತೀರ್ಮಾನಕ್ಕೆ ಬಂದಿತು. ಸಾವಿರದ ಮುನ್ನೂರರಷ್ಟಿದ್ದ ಗುತ್ತಿಗೆ ಕಾರ್ಮಿಕರು ಧರಣಿ ಕುಳಿತರು. ಅದೇ ವರ್ಷದ ಆಗಸ್ಟ್‌ನಲ್ಲಿ ಬಾರ್ ಮಿಲ್ ಮತ್ತೆ ಚಾಲನೆ ಪಡೆಯಿತು. 2024ರ ಜೂನ್‌ನಲ್ಲಿ ಕೇಂದ್ರ ಉಕ್ಕು ಸಚಿವರಾದ ಎಚ್.ಡಿ. ಕುಮಾರಸ್ವಾಮಿಯವರು ಅದೇ ತಿಂಗಳ ಕೊನೆಗೆ ಕಾರ್ಖಾನೆಗೆ ಬಂದು ಪುನಶ್ಚೇತನದ ಭರವಸೆ ನೀಡಿದರು. ಮುಚ್ಚುತ್ತದೆ, ಮುಚ್ಚುವುದಿಲ್ಲ, ಮಾರುತ್ತಾರೆ, ಮಾರುವುದಿಲ್ಲ ಎಂಬ ಈ ತೂಗಾಟದಲ್ಲಿಯೇ ಆ ಊರಿನ ಒಂದು ತಲೆಮಾರಿನ ವಿದ್ಯಾಭ್ಯಾಸ ಮುಗಿದುಹೋಗಿದೆ.

ಭದ್ರಾವತಿಯ ಬಗ್ಗೆ ನಡೆಯುವ ಎಲ್ಲ ಚರ್ಚೆಯೂ ಕಾರ್ಖಾನೆ ಉಳಿಯುವುದೋ ಇಲ್ಲವೋ ಎಂಬ ಒಂದೇ ಪ್ರಶ್ನೆಯ ಸುತ್ತ ಗಿರಕಿ ಹೊಡೆಯುತ್ತಿದೆ. ಅದು ಸಣ್ಣ ಪ್ರಶ್ನೆಯಲ್ಲ. ಆದರೆ ಅದಕ್ಕೆ ಉತ್ತರ ಕೊಡುವವರು ದೆಹಲಿಯಲ್ಲಿದ್ದಾರೆ. ಕಾರ್ಖಾನೆ ಹೇಗೇ ಇರಲಿ, ಒಂದೂವರೆ ಲಕ್ಷ ಜನರ ಊರು ಹೇಗೆ ಬದುಕಬೇಕು ಎಂಬುದು ಇನ್ನೊಂದು ಪ್ರಶ್ನೆ. ಅದಕ್ಕೆ ಉತ್ತರ ಹುಡುಕಬೇಕಾದವರು ಭದ್ರಾವತಿಯಲ್ಲಿ, ಶಿವಮೊಗ್ಗದಲ್ಲಿ, ಬೆಂಗಳೂರಿನಲ್ಲಿ, ಒಂದಿಷ್ಟು ಮಟ್ಟಿಗೆ ನಮ್ಮ ಮಲೆನಾಡಿನಲ್ಲಿಯೂ ಇದ್ದಾರೆ. ಮೊದಲ ಪ್ರಶ್ನೆಗೆ ಉತ್ತರ ಬರುವವರೆಗೆ ಎರಡನೆಯದನ್ನು ಎತ್ತಲೇಬಾರದು ಎಂಬ ಒಂದು ಬಗೆಯ ಮೌನ ಒಪ್ಪಂದ ಇದ್ದಂತಿದೆ. ಇದೇ ಆ ಊರಿಗೆ ಮುಳುವಾಗಿರುವುದು.

ಈ ಗೊಂದಲದ ಬೇರು ಊರು ಹುಟ್ಟಿದ ಬಗೆಯಲ್ಲಿಯೇ ಇದೆ. ಭದ್ರಾವತಿಯ ಹಿಂದಿನ ಹೆಸರು ಬೆಂಕಿಪುರ. ಮೈಸೂರು ಸಂಸ್ಥಾನ ಅಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸಕ್ಕೆ ಕೈ ಹಾಕಿದ್ದು 1918ರಲ್ಲಿ. ಕುಲುಮೆ ಹೊತ್ತಿಕೊಂಡದ್ದು 1923ರಲ್ಲಿ. ಮಹಾಯುದ್ಧ ಮುಗಿದು ಬೀಡು ಕಬ್ಬಿಣದ ಬೆಲೆ ನೆಲಕಚ್ಚಿದ್ದ ಕಾಲ ಅದು. ನಷ್ಟದಲ್ಲಿದ್ದ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷತೆಯನ್ನು 1923ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ವಹಿಸಿಕೊಂಡು 1929ರವರೆಗೆ ನಿರ್ವಹಿಸಿದರು. ಅಂದರೆ ಹುಟ್ಟಿದಂದೇ ಈ ಕಾರ್ಖಾನೆ ರೋಗಿ. ಮುಚ್ಚಬೇಕೆಂಬ ಮಾತು ಅಂದೂ ಇತ್ತು. ಮುಚ್ಚಲಿಲ್ಲ, ಕೂಡಿಸಿದರು. ಇದ್ದಿಲು ಮಾಡುವಾಗ ಹೊರಬರುವ ಹೊಗೆಯಿಂದ ರಾಸಾಯನಿಕ ತೆಗೆದರು, ಸಿಮೆಂಟ್ ಮಾಡಿದರು, ಉಕ್ಕು ಮಾಡಿದರು. 1936ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಪಕ್ಕದಲ್ಲಿಯೇ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಒಂದು ಉದ್ಯಮದ ಉಳಿಕೆ ಇನ್ನೊಂದಕ್ಕೆ ಕಚ್ಚಾವಸ್ತುವಾಗಬೇಕೆಂಬ ಲೆಕ್ಕಾಚಾರ ಅಂದಿನವರಿಗಿತ್ತು. ಇಂದಿನ ವರದಿಗಳಲ್ಲಿ ಇದನ್ನು ಹೊಸ ವಿಚಾರವೆಂಬಂತೆ ಬರೆಯುವುದನ್ನು ಓದಿದಾಗ ನಗು ಬರುತ್ತದೆ.

ಕಲ್ಲಿದ್ದಲಿಲ್ಲದ ಸಂಸ್ಥಾನ ಇದ್ದಿಲಿನಿಂದ ಕಬ್ಬಿಣ ಕರಗಿಸಲು ಹೊರಟದ್ದು ಮಲೆನಾಡಿನ ಕಾಡನ್ನು ನಂಬಿ. ಅದಿರು ಬಂದದ್ದು ಬಾಬಾಬುಡನ್ ಗಿರಿಯ ಕೆಮ್ಮಣ್ಣುಗುಂಡಿಯಿಂದ. ಅಲ್ಲಿಂದ ತಣಿಗೆಬೈಲಿಗೆ ತೊಟ್ಟಿಲುಗಳ ಮೂಲಕ ತಂತಿಹಾದಿಯಲ್ಲಿ ಇಳಿಯುತ್ತಿತ್ತು. ಸೌದೆ ಬಂದದ್ದು ಸುತ್ತಲಿನ ಕಾಡಿನಿಂದ. ನೀರು ಭದ್ರೆಯದು. ಜೋಗದ ವಿದ್ಯುತ್ ಬಂದ ಮೇಲೆ, 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳು ಬಂದು ಸೌದೆಯ ಹಸಿವು ತಗ್ಗಿತು. ಆದರೆ ಅದೇ ಭದ್ರೆಗೆ ಲಕ್ಕವಳ್ಳಿಯಲ್ಲಿ ಕಟ್ಟಿದ ಅಣೆಕಟ್ಟಿನ ಹಿನ್ನೀರು ನರಸಿಂಹರಾಜಪುರದ ಸುತ್ತಿನ ಎಷ್ಟೋ ಗದ್ದೆ ತೋಟಗಳನ್ನು ನುಂಗಿತು. ಕೆಳಗಿನ ಊರಿನ ಏಳಿಗೆಗೆ ಮೇಲಿನವರು ತೆತ್ತದ್ದು ಕಡಿಮೆಯೇನಲ್ಲ. ಆದ್ದರಿಂದಲೇ ಭದ್ರಾವತಿಯ ಮುಂದಿನ ಗತಿಯ ಬಗ್ಗೆ ಮಾತನಾಡುವ ಹಕ್ಕು ನಮಗೂ ಇದೆ ಎಂದು ಭಾವಿಸುತ್ತೇನೆ.

ಇನ್ನು ಊರಿನ ಮಾತು. ನ್ಯೂ ಟೌನ್, ಪೇಪರ್ ಟೌನ್ ಎಂಬ ಬಡಾವಣೆಗಳ ಹೆಸರಿನಲ್ಲಿಯೇ ಕಥೆಯಿದೆ. ಮನೆ ಕೊಟ್ಟದ್ದು ಕಾರ್ಖಾನೆ. ನಲ್ಲಿಯಲ್ಲಿ ನೀರು, ಬೀದಿಯಲ್ಲಿ ದೀಪ, ಆಸ್ಪತ್ರೆ, ಶಾಲೆ, ಆಟದ ಮೈದಾನ, ಎಲ್ಲವೂ ಕಾರ್ಖಾನೆಯ ಕೃಪೆ. ಚರಂಡಿ ಕಟ್ಟಿದರೆ ನಿವಾಸಿ ಹೋಗುತ್ತಿದ್ದದ್ದು ಕಾರ್ಖಾನೆಯ ಕಚೇರಿಗೆ, ಪುರಸಭೆಗಲ್ಲ. ಹೀಗೆ ಹಲವು ದಶಕ ನಡೆದಾಗ ಏನಾಗುತ್ತದೆ? ಸ್ಥಳೀಯ ಸಂಸ್ಥೆಗೆ ಊರು ನಡೆಸುವ ಅಭ್ಯಾಸವೇ ಬೆಳೆಯುವುದಿಲ್ಲ. ಕಾರ್ಖಾನೆ ಸೊರಗಿದಾಗ ಅದು ಬಿಟ್ಟುಕೊಟ್ಟ ಹೊಣೆಯನ್ನು ಹೊರಲು ನಗರಸಭೆಯ ಬಳಿ ಹಣವೂ ಇಲ್ಲ, ಎಂಜಿನಿಯರುಗಳೂ ಇಲ್ಲ. ತೆರಿಗೆ ಕಟ್ಟುವ ಶಕ್ತಿಯುಳ್ಳವರು ಆಗಲೇ ಊರು ಬಿಟ್ಟಿರುತ್ತಾರೆ.

ಊರು ಬಿಟ್ಟಿರುವುದು ಊಹೆಯಲ್ಲ. 2001ರ ಜನಗಣತಿಯಲ್ಲಿ ಭದ್ರಾವತಿ ನಗರದ ಜನಸಂಖ್ಯೆ ಸುಮಾರು 1.60 ಲಕ್ಷ, 2011ರಲ್ಲಿ ಸುಮಾರು 1.51 ಲಕ್ಷ. ಅದೇ ಹತ್ತು ವರ್ಷಗಳಲ್ಲಿ ಇಪ್ಪತ್ತು ಕಿಲೋಮೀಟರ್ ಆಚೆಗಿನ ಶಿವಮೊಗ್ಗ ಸುಮಾರು 2.74 ಲಕ್ಷದಿಂದ 3.22 ಲಕ್ಷಕ್ಕೆ ಬೆಳೆಯಿತು. ಗಮನಿಸಬೇಕಾದ ಸಂಗತಿಯೆಂದರೆ, 2011ರಲ್ಲಿ ಎರಡೂ ಕಾರ್ಖಾನೆಗಳು ನಡೆಯುತ್ತಿದ್ದವು. ಬಾಗಿಲು ಮುಚ್ಚುವ ಮೊದಲೇ ಊರು ಕರಗತೊಡಗಿತ್ತು. ಒಂದು ಕಾಲಕ್ಕೆ ಹತ್ತು ಸಾವಿರಕ್ಕೂ ಮಿಕ್ಕಿ ನೌಕರರಿದ್ದ ಉಕ್ಕಿನ ಕಾರ್ಖಾನೆಯಲ್ಲಿ ನಿವೃತ್ತರಾದವರ ಜಾಗಕ್ಕೆ ಕಾಯಂ ನೇಮಕಾತಿ ನಿಂತು, ಗುತ್ತಿಗೆಯ ದುಡಿಮೆ ಬಂದಾಗಲೇ ಅರ್ಧ ಕಥೆ ಮುಗಿದಿತ್ತು. ಹಾಗಾಗಿ ಕಾರ್ಖಾನೆ ಮತ್ತೆ ತೆರೆದೊಡನೆ ಹಳೆಯ ವೈಭವ ಮರಳುತ್ತದೆ ಎಂದು ನಂಬಿಸುವವರು ಈ ಎರಡು ಅಂಕಿಗಳನ್ನು ಒಮ್ಮೆ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಹೊಸ ತಂತ್ರಜ್ಞಾನದ ಉಕ್ಕಿನ ಕಾರ್ಖಾನೆ ಎಷ್ಟು ದೊಡ್ಡದಾದರೂ ಹಿಂದಿನಷ್ಟು ಕೈಗಳನ್ನು ಬೇಡುವುದಿಲ್ಲ.

ಮುಚ್ಚಿದ ಊರು ಹೇಗಿರುತ್ತದೆ ಎಂದು ತಿಳಿಯಲು ಶೃಂಗೇರಿ, ಕೊಪ್ಪದವರು ದೂರ ಹೋಗಬೇಕಾಗಿಲ್ಲ. ಭದ್ರೆಯ ಹರಿವಿನ ಕೆಳಗೆ ಭದ್ರಾವತಿಯಿದ್ದರೆ ಮೇಲೆ ಕುದುರೆಮುಖವಿದೆ. 1976ರಲ್ಲಿ ಇರಾನ್‌ಗೆ ಅದಿರು ಕಳಿಸಲೆಂದು ಆರಂಭವಾದ ಕಂಪನಿ ಅದು. ಕ್ರಾಂತಿಯ ನಂತರ ಇರಾನ್ ಹಿಂದೆ ಸರಿದರೂ ಗಣಿ ನಡೆಯಿತು. ಸುಪ್ರೀಂ ಕೋರ್ಟಿನ 2002ರ ಆದೇಶದಂತೆ 2005ರ ಕೊನೆಗೆ ನಿಂತಿತು. ಕಾಡಿಗೂ ನದಿಗೂ ಅದು ಆಗಬೇಕಿದ್ದ ಕೆಲಸ. ಹೂಳು ತುಂಬಿದ ಭದ್ರೆಯನ್ನು ಕಂಡವರು ಆ ಆದೇಶಕ್ಕೆ ಕೈಮುಗಿದರು. ಆದರೆ ಆದೇಶಕ್ಕೂ ಗಣಿ ನಿಲ್ಲುವುದಕ್ಕೂ ನಡುವೆ ಮೂರು ವರ್ಷಗಳ ಅವಕಾಶವಿದ್ದರೂ ಆ ವಸತಿಯ, ಅಂಗಡಿಗಳ, ಶಾಲೆಯ ಮುಂದಿನ ಬಾಳಿನ ಬಗ್ಗೆ ಯಾರೂ ಗಟ್ಟಿಯಾದ ಯೋಜನೆ ಮಾಡಲಿಲ್ಲ. ಇಂದು ಆ ದಾರಿಯಲ್ಲಿ ಹೋಗುವವರಿಗೆ ಕಾಣುವುದು ಪಾಚಿಗಟ್ಟಿದ ಗೋಡೆಗಳು. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅಲ್ಲಿನ ಜನ ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ. ಬೆಂಗಳೂರು ಅಷ್ಟು ಹತ್ತಿರವಿದ್ದುದರಿಂದ ಆ ಊರು ಉಳಿಯಿತು. ಭದ್ರಾವತಿಗೆ ಆ ಭಾಗ್ಯವಿಲ್ಲ.

ಬೇರೆ ಬಗೆಯ ಉದಾಹರಣೆ ದಾವಣಗೆರೆಯದು. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಆ ಊರಿನ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಆದರೆ ಗಿರಣಿಗಳು ನಡೆಯುತ್ತಿದ್ದಾಗಲೇ ಅಲ್ಲಿನ ಜನ 1958ರಲ್ಲಿ ವಿದ್ಯಾಸಂಸ್ಥೆ ಕಟ್ಟಿಕೊಂಡಿದ್ದರು. 1965ರಲ್ಲಿ ವೈದ್ಯಕೀಯ ಕಾಲೇಜು, 1979ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂದವು. ಗಿರಣಿಯ ಸಿಳ್ಳೆ ನಿಂತ ಮೇಲೆ ಊರನ್ನು ಹಿಡಿದೆತ್ತಿದ್ದು ಕಾಲೇಜುಗಳು, ಆಸ್ಪತ್ರೆಗಳು, ಕೃಷಿ ಮಾರುಕಟ್ಟೆ. ಇದನ್ನು ಪೂರ್ತಿ ಯಶಸ್ಸು ಎನ್ನಲಾಗದು. ಕೆಲಸ ಕಳೆದುಕೊಂಡ ಗಿರಣಿ ಕಾರ್ಮಿಕನೇನೂ ಕಾಲೇಜಿನಲ್ಲಿ ಅಧ್ಯಾಪಕನಾಗಲಿಲ್ಲ. ಆದರೂ ಅಲ್ಲಿನ ಬಂಡವಾಳ ಊರಿನವರದೇ ಆಗಿತ್ತು, ತೀರ್ಮಾನವೂ ಊರಿನವರದೇ. ಭದ್ರಾವತಿಯಲ್ಲಿ ಎರಡೂ ಸರ್ಕಾರದ್ದು.

ಹೀಗಿರುವಾಗ ಊರಿನವರು ಕೈಯಿಡಬಹುದಾದದ್ದು ಯಾವುದು? ನನ್ನ ಅಭಿಪ್ರಾಯದಲ್ಲಿ ಮೊದಲನೆಯದು ಭೂಮಿ. ಉಕ್ಕಿನ ಕಾರ್ಖಾನೆಯ ವಶದಲ್ಲಿ ಸಾವಿರ ಎಕರೆಗೂ ಮೀರಿದ ಜಾಗವಿದೆ. ಅದು ಮೂಲತಃ ಸಂಸ್ಥಾನ ಕೈಗಾರಿಕೆಗೆಂದು ಒದಗಿಸಿದ್ದು. 1962ರಲ್ಲಿ ಕಾರ್ಖಾನೆ ರಾಜ್ಯ-ಕೇಂದ್ರಗಳ ಜಂಟಿ ಕಂಪನಿಯಾಯಿತು, 1989ರಲ್ಲಿ ಉಕ್ಕು ಪ್ರಾಧಿಕಾರದ ಅಧೀನಕ್ಕೆ ಹೋಯಿತು, 1998ರಲ್ಲಿ ಅದರಲ್ಲಿ ವಿಲೀನವಾಯಿತು. ಉಕ್ಕು ಮಾಡುವುದಿಲ್ಲವೆಂದು ಎಂದಾದರೂ ತೀರ್ಮಾನವಾದರೆ ಆ ಭೂಮಿ ನಿವೇಶನಗಳಾಗಿ ಹರಾಜಾಗಬೇಕೆ, ರಾಜ್ಯಕ್ಕೆ ಮರಳಬೇಕೆ? ಇದನ್ನು ಮುಚ್ಚುವ ದಿನ ಕೇಳಿದರೆ ಪ್ರಯೋಜನವಿಲ್ಲ. ರಾಜ್ಯ ಸರ್ಕಾರ ಈಗಲೇ ಬರವಣಿಗೆಯಲ್ಲಿ ಕೇಳಬೇಕು. ಪುನಶ್ಚೇತನಕ್ಕೆ ಬೇಕಾದಷ್ಟು ಜಾಗ ಕಾರ್ಖಾನೆಗಿರಲಿ. ಉಳಿದದ್ದರಲ್ಲಿ ನಗರಸಭೆಗೆ ಪಾಲು ಬೇಕು. ಕ್ವಾರ್ಟರ್ಸ್‌ಗಳಲ್ಲಿ ನೆಲೆಸಿರುವ ನಿವೃತ್ತ ಕುಟುಂಬಗಳ ಸ್ಥಿತಿಯೂ ಇತ್ಯರ್ಥವಾಗಬೇಕು. ತನ್ನದೋ ಅಲ್ಲವೋ ತಿಳಿಯದ ಮನೆಗೆ ಯಾರು ತಾನೆ ಹೆಂಚು ಬದಲಾಯಿಸುತ್ತಾರೆ?

ಎರಡನೆಯದು ಕೈಕಸುಬು. ಮಿಶ್ರಲೋಹದ ವಿಶೇಷ ಉಕ್ಕು ಮಾಡುವುದು ಪುಸ್ತಕ ಓದಿ ಬರುವ ವಿದ್ಯೆಯಲ್ಲ. ಕರಗಿದ ಲೋಹದ ಬಣ್ಣ ನೋಡಿ ಶಾಖ ಹೇಳುವವರು, ಅಚ್ಚು ಕಟ್ಟುವವರು, ಲೇತ್ ಹಿಡಿದವರು ಆ ಊರಿನ ಬೀದಿಬೀದಿಯಲ್ಲಿದ್ದಾರೆ. ಅವರಿಗೆ ವಯಸ್ಸಾಗುತ್ತಿದೆ. ಶಿವಮೊಗ್ಗ-ಭದ್ರಾವತಿ ರಸ್ತೆಯ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಎರಕದ ಕಾರ್ಖಾನೆಗಳು ನಡೆಯುತ್ತಿವೆ. ದೊಡ್ಡ ಕಾರ್ಖಾನೆ ಏನಾಗುವುದೆಂದು ಕಾಯುತ್ತ ಕೂರುವ ಬದಲು ಈ ಹಿರಿಯ ಕೆಲಸಗಾರರನ್ನು ಕೂರಿಸಿಕೊಂಡು ತರಬೇತಿ ನಡೆಸಲು ಕೋಟಿಗಳ ಯೋಜನೆ ಬೇಕಿಲ್ಲ. ಈಗಿರುವ ಐಟಿಐ, ಪಾಲಿಟೆಕ್ನಿಕ್‌ಗಳೇ ಸಾಕು. ತಮ್ಮ ಸೇವೆಗೆ ಬರಬೇಕಿದ್ದ ಸಂಭಾವನೆಯನ್ನು ವೃತ್ತಿಶಿಕ್ಷಣದ ಸಂಸ್ಥೆಗೆ ತಿರುಗಿಸಿದ ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಊರಿಗೆ ಇದನ್ನು ಹೇಳಬೇಕಾಗಿ ಬಂದಿರುವುದೇ ವಿಪರ್ಯಾಸ.

ಸುತ್ತಮುತ್ತ ಹೊಸದೇನೂ ಬಂದಿಲ್ಲವೆನ್ನುವಂತಿಲ್ಲ. 2021ರಲ್ಲಿ ಕ್ಷಿಪ್ರ ಕಾರ್ಯಾಚರಣೆ ಪಡೆಯ ಘಟಕಕ್ಕೆ ಭದ್ರಾವತಿಯಲ್ಲಿ ಶಂಕುಸ್ಥಾಪನೆಯಾಯಿತು. ಎರಡು ಊರುಗಳ ನಡುವಿನ ಸೋಗಾನೆಯಲ್ಲಿ ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಗೊಂಡಿತು. ಉಕ್ಕಿನ ಕಾರ್ಖಾನೆ ಮುಚ್ಚುವ ತೀರ್ಮಾನ ಹೊರಬಿದ್ದು ಆಗಿನ್ನೂ ಎರಡು ತಿಂಗಳೂ ತುಂಬಿರಲಿಲ್ಲ. ಸ್ಮಾರ್ಟ್ ಸಿಟಿ ಹಣ ಬಂದದ್ದು ಶಿವಮೊಗ್ಗಕ್ಕೆ. ಎರಡೂ ಊರುಗಳನ್ನು ಒಂದೇ ನಕ್ಷೆಯಲ್ಲಿಟ್ಟು ಯೋಚಿಸದಿದ್ದರೆ ಒಂದು ಉಬ್ಬುತ್ತ ಹೋಗಿ ಇನ್ನೊಂದು ಬತ್ತುತ್ತದೆ.

ಕಾರ್ಮಿಕ ಸಂಘಟನೆಗಳಿಗೆ ಇಂಥ ಮಾತು ರುಚಿಸುವುದಿಲ್ಲ ಎಂಬುದು ಗೊತ್ತಿದೆ. ಪರ್ಯಾಯದ ಮಾತೆತ್ತಿದೊಡನೆ ದೆಹಲಿಯವರು ಕೈತೊಳೆದುಕೊಳ್ಳುತ್ತಾರೆ ಎಂಬ ಅವರ ಆತಂಕ ನಿರಾಧಾರವಲ್ಲ. ಸ್ವಂತ ಗಣಿ ಇಲ್ಲವೆಂಬುದನ್ನು ಮುಚ್ಚಲು ಕಾರಣವಾಗಿ ಮುಂದಿಡಲಾಗುತ್ತದೆ. ಗಣಿ ಸಿಗದಂತೆ ವರ್ಷಗಟ್ಟಲೆ ಕಡತಗಳನ್ನು ಸುತ್ತಿಸಿದವರೂ ಸರ್ಕಾರದವರೇ. ಕಾಗದದ ಕಾರ್ಖಾನೆಯದೂ ಇಂಥದೇ ಕಥೆ: ಅಗ್ಗದ ಆಮದು ಕಾಗದಕ್ಕೆ ಬಾಗಿಲು ತೆರೆದ ಮೇಲೆ, ಕನ್ನಡದ ಪತ್ರಿಕೆಗಳು ಅಚ್ಚಾಗುತ್ತಿದ್ದ ಸುದ್ದಿ ಕಾಗದಕ್ಕೆ ಕನ್ನಡನಾಡಿನಲ್ಲಿಯೇ ಕೊಳ್ಳುವವರಿಲ್ಲದಂತಾಯಿತು. ಕಾರ್ಖಾನೆಗಾಗಿ ಹೋರಾಟ ನಡೆಯಲಿ. ಆದರೆ ಹೋರಾಟದ ಬೇಡಿಕೆಯ ಪಟ್ಟಿಯಲ್ಲಿ ಕುಡಿಯುವ ನೀರು, ಮನೆಯ ಹಕ್ಕು, ಖಾಲಿ ಭೂಮಿಯ ಬಳಕೆ ಸೇರಲು ಅಡ್ಡಿಯೇನು?

ಕೊನೆಗೆ ನಮ್ಮ ಬಾಗಿಲಿನ ವಿಷಯ. ಕಾಗದದ ಕಾರ್ಖಾನೆಗೆಂದು ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ 20 ಸಾವಿರ ಹೆಕ್ಟೇರಿಗೂ ಹೆಚ್ಚು ಅರಣ್ಯಭೂಮಿಯನ್ನು 1980ರಲ್ಲಿ 40 ವರ್ಷಗಳ ಗುತ್ತಿಗೆಗೆ ಕೊಡಲಾಗಿತ್ತು. ಅಲ್ಲಿ ಅಕೇಶಿಯಾ, ನೀಲಗಿರಿ ಬೆಳೆದವು. 2020ರಲ್ಲಿ ಗುತ್ತಿಗೆ ಮುಗಿದಾಗ, ಉತ್ಪಾದನೆ ನಿಂತು ಐದು ವರ್ಷ ಕಳೆದಿದ್ದರೂ, ಸರ್ಕಾರ ಮತ್ತೆ 40 ವರ್ಷಗಳ ವಿಸ್ತರಣೆಗೆ ಆದೇಶಿಸಿತು. ಮಲೆನಾಡಿನಲ್ಲಿ ಅದಕ್ಕೆ ತೀವ್ರ ವಿರೋಧ ಎದ್ದದ್ದು ಓದುಗರಿಗೆ ನೆನಪಿದೆ. ಕಾರ್ಖಾನೆಯಲ್ಲಿ ಕಾಗದವಿಲ್ಲ, ಕಾರ್ಮಿಕರಿಲ್ಲ. ಗುಡ್ಡದ ಮೇಲೆ ಮಾತ್ರ ನೆಡುತೋಪು. ಅದರಿಂದ ಭದ್ರಾವತಿಯ ಒಂದು ಮನೆಯ ಒಲೆಯೂ ಉರಿಯುವುದಿಲ್ಲ, ನಮ್ಮ ಹಳ್ಳಗಳಲ್ಲಿ ಬೇಸಗೆಯಲ್ಲಿ ನೀರೂ ನಿಲ್ಲುವುದಿಲ್ಲ. ಹಳದಿ ಎಲೆ ರೋಗ, ಎಲೆಚುಕ್ಕಿ ರೋಗಗಳಿಂದ ಅಡಿಕೆ ತೋಟ ಸೋಲುತ್ತಿರುವ ಕೊಪ್ಪ, ಶೃಂಗೇರಿಯವರಿಗೆ ಒಂದನ್ನೇ ನೆಚ್ಚಿಕೊಂಡ ಊರಿನ ಸಂಕಟ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಆ ಭೂಮಿಯಲ್ಲಿ ಎಷ್ಟು ಸಹಜ ಕಾಡಾಗಿ ಮರಳಬೇಕು, ಎಷ್ಟು ಊರಿನ ಸೊಪ್ಪಿನ ಬೆಟ್ಟಕ್ಕೆ ಸಲ್ಲಬೇಕು, ಕಟಾವಿಗೆ ಬಂದ ಮರದ ಹಣದಲ್ಲಿ ಭದ್ರಾವತಿಗೆಷ್ಟು, ಹಳ್ಳಿಗಳಿಗೆಷ್ಟು ಎಂಬುದನ್ನು ಗ್ರಾಮಸಭೆಗಳೂ ಆ ನಗರಸಭೆಯೂ ಒಟ್ಟಿಗೆ ಕುಳಿತು ಕೇಳಬೇಕಾದ ಸಮಯ ಇದು. ಜಯಪುರದ ಕಡೆಯ ಪಂಚಾಯಿತಿಗಳು ಇದನ್ನು ತಮ್ಮ ಮುಂದಿನ ಗ್ರಾಮಸಭೆಯ ವಿಷಯಸೂಚಿಗೆ ಸೇರಿಸಿಕೊಂಡರೆ ಮೊದಲ ಹೆಜ್ಜೆ ಇಲ್ಲಿಂದಲೇ ಆಗುತ್ತದೆ.