ಫಿಲ್ಟರ್ ಒತ್ತಿದಾಗಲೆಲ್ಲ ಆ್ಯಪ್ ಹೊಸದಾಗಿ ಹುಡುಕುತ್ತದೆಯೇ?

ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ರೈಲುಗಳನ್ನು ಮೊಬೈಲ್‌ನಲ್ಲಿ ಹುಡುಕುತ್ತೇವೆ. ಉದ್ದದ ಪಟ್ಟಿ ಬರುತ್ತದೆ. ‘ಸ್ಲೀಪರ್’, ‘ರಾತ್ರಿ ಹೊರಡುವವು’ ಎಂದು ಫಿಲ್ಟರ್ ಒತ್ತಿದರೆ ಪಟ್ಟಿ ತಟ್ಟನೆ ಚಿಕ್ಕದಾಗುತ್ತದೆ. ಈಗಷ್ಟೇ ಒತ್ತಿದ್ದರಿಂದ ಇದು ಈ ಕ್ಷಣದ ಮಾಹಿತಿ ಎಂದುಕೊಂಡು ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕುವವರಿದ್ದಾರೆ. ಆದರೆ ಅದು ಈ ಕ್ಷಣದ್ದೇ ಆಗಿರಬೇಕಿಲ್ಲ.

ಒಳಗೆ ನಡೆಯುವುದೇನು?

ರೈಲು, ಸೀಟು, ಸಮಯದ ಮಾಹಿತಿ ಇರುವುದು ದೂರದ ಸರ್ವರ್‌ನ ಡೇಟಾಬೇಸ್‌ನಲ್ಲಿ. ‘ಹುಡುಕು’ ಒತ್ತಿದಾಗ ಆ್ಯಪ್ ಅಲ್ಲಿಗೆ ಒಂದು ಪ್ರಶ್ನೆ, ಅಂದರೆ ಕ್ವೆರಿ, ಕಳಿಸುತ್ತದೆ. ಬಂದ ಉತ್ತರ ನಮ್ಮ ಫೋನಿನ ಮೆಮೊರಿಯಲ್ಲಿ ಉಳಿಯುತ್ತದೆ. ಆಮೇಲೆ ನಾವು ಒತ್ತುವ ಫಿಲ್ಟರ್‌ಗಳನ್ನು ಅನೇಕ ಆ್ಯಪ್‌ಗಳು ಆ ಪಟ್ಟಿಯ ಮೇಲೆಯೇ ನಡೆಸುತ್ತವೆ. ಡೇಟಾಬೇಸನ್ನು ಮತ್ತೆ ಕೇಳುವುದಿಲ್ಲ.

ದಕ್ಕೆಗೆ ಹೋಗಿ ಒಂದು ಬುಟ್ಟಿ ಮೀನು ತಂದ ಹಾಗೆ ಇದು. ಅದರಲ್ಲಿ ಬಂಗುಡೆ, ಬೂತಾಯಿ ಬೇರೆ ಮಾಡುವುದನ್ನು ಮನೆಯಲ್ಲೇ ಮಾಡಬಹುದು, ಮತ್ತೆ ದಕ್ಕೆಗೆ ಓಡಬೇಕಿಲ್ಲ.

ಇದರಿಂದ ಲಾಭವೂ ಇದೆ. ತತ್ಕಾಲ್ ಬುಕಿಂಗ್ ಎಸಿ ದರ್ಜೆಗೆ ಬೆಳಿಗ್ಗೆ 10 ಗಂಟೆಗೆ, ನಾನ್ ಎಸಿಗೆ 11ಕ್ಕೆ ಶುರುವಾಗುತ್ತದೆ. ಅಂಥ ಹೊತ್ತಿನಲ್ಲಿ ಪ್ರತಿ ಫಿಲ್ಟರ್‌ಗೂ ಹೊಸ ಕ್ವೆರಿ ಹೋದರೆ ಸರ್ವರ್‌ನ ಹೊರೆ ಹಲವು ಪಟ್ಟು ಏರುತ್ತದೆ. ಮೆಮೊರಿಯಲ್ಲೇ ಸೋಸಿದರೆ ನಮ್ಮ ಡೇಟಾವೂ ಉಳಿಯುತ್ತದೆ.

ಎಲ್ಲಿ ಎಡವುತ್ತೇವೆ?

ಒಂದು, ಬುಟ್ಟಿಯಲ್ಲಿ ಇಲ್ಲದ್ದನ್ನು ಫಿಲ್ಟರ್ ತೋರಿಸಲಾರದು. ನಗರದಲ್ಲಿ ಮಂಗಳೂರು ಸೆಂಟ್ರಲ್ ಮತ್ತು ಮಂಗಳೂರು ಜಂಕ್ಷನ್ ಎಂಬ ಎರಡು ನಿಲ್ದಾಣಗಳಿವೆ. ಸೆಂಟ್ರಲ್‌ನ ರೈಲುಗಳಷ್ಟೇ ಪಟ್ಟಿಯಲ್ಲಿ ಬಂದಿದ್ದರೆ, ಯಾವ ಫಿಲ್ಟರ್ ಒತ್ತಿದರೂ ಜಂಕ್ಷನ್‌ನಿಂದ ಮಾತ್ರ ಹೊರಡುವ ರೈಲು ಕಾಣುವುದಿಲ್ಲ. ‘ಯಾವ ರೈಲೂ ಇಲ್ಲ’ ಎಂದರೆ ಆ ಪಟ್ಟಿಯಲ್ಲಿ ಇಲ್ಲ ಎಂದಷ್ಟೇ ಅರ್ಥ.

ಎರಡು, ಪಟ್ಟಿ ಹಳತಾಗುತ್ತದೆ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಮಣ್ಣು ಕುಸಿದು ಘಾಟಿಯಲ್ಲಿ ರೈಲು ಸಂಚಾರ ಹಲವು ದಿನ ನಿಂತಿತ್ತು. ಇಂಥ ಹೊತ್ತಿನಲ್ಲಿ ಬೆಳಿಗ್ಗೆ ತರಿಸಿದ ಪಟ್ಟಿಯನ್ನು ಸಂಜೆ ಎಷ್ಟು ಸಲ ಸೋಸಿದರೂ ಸಿಗುವುದು ಬೆಳಗಿನ ಮಾಹಿತಿಯೇ. ಅದನ್ನು ನಂಬಿ ಮಕ್ಕಳು ಮರಿ ಕಟ್ಟಿಕೊಂಡು ನಿಲ್ದಾಣಕ್ಕೆ ಹೋದವರು ಮಳೆಯಲ್ಲಿ ಪರದಾಡಬೇಕಾಗುತ್ತದೆ.

ನೀವೇ ಪರೀಕ್ಷಿಸಿ

ಪಟ್ಟಿ ಬಂದ ಮೇಲೆ ಏರ್‌ಪ್ಲೇನ್ ಮೋಡ್ ಹಾಕಿ, ನಂತರ ಫಿಲ್ಟರ್ ಒತ್ತಿ. ಕೆಲಸ ಮಾಡಿತೇ? ಹಾಗಾದರೆ ಸೋಸುವಿಕೆ ನಿಮ್ಮ ಫೋನಿನೊಳಗೇ ನಡೆಯುತ್ತಿದೆ. ಸುಮ್ಮನೆ ಸುತ್ತುತ್ತಿದ್ದರೆ ಅಥವಾ ‘ಇಂಟರ್ನೆಟ್ ಇಲ್ಲ’ ಎಂದರೆ ಆ ಆ್ಯಪ್ ಪ್ರತಿ ಸಲ ಸರ್ವರನ್ನು ಕೇಳುತ್ತದೆ ಎಂದರ್ಥ.

ನೆನಪಿಡಬೇಕಾದ್ದು ಇಷ್ಟೇ: ಫಿಲ್ಟರ್ ಮಾಡುವುದು ಆರಿಸುವ ಕೆಲಸ, ಹೊಸ ಮಾಹಿತಿ ತರುವುದು ‘ಹುಡುಕು’ ಅಥವಾ ‘ರಿಫ್ರೆಶ್’ ಮಾಡುವ ಕೆಲಸ. ಸೀಟು ಇದೆ, ರೈಲು ಇದೆ ಎಂಬ ಸ್ಕ್ರೀನ್‌ಶಾಟ್ ಫಾರ್ವರ್ಡ್ ಮಾಡುವ ಮುನ್ನ ಮತ್ತೊಮ್ಮೆ ಹುಡುಕಿ, ಇಲ್ಲವೇ ರೈಲ್ವೆಯ 139ಕ್ಕೆ ಕರೆ ಮಾಡಿ. ಕಳಿಸುವಾಗ ದಿನಾಂಕ, ಸಮಯವನ್ನೂ ಬರೆಯಿರಿ.