ಸ್ಥಳಾಂತರವೆಂದರೆ ಕೈ ತೊಳೆದುಕೊಳ್ಳುವುದೇ?

ಕಾರ್ಖಾನೆಯನ್ನು ಊರಾಚೆಗೆ ಕಳುಹಿಸಿಬಿಟ್ಟರೆ ಊರು ಶುದ್ಧವಾಯಿತೆಂದು ನಂಬುವ ಸಭ್ಯರು ನಮ್ಮಲ್ಲಿ ಬಹು ಮಂದಿ. ಅವರ ನಂಬಿಕೆಯನ್ನು ನಾನು ಒಪ್ಪಲಾರೆ. ಮನೆಯ ಕಸವನ್ನು ಗುಡಿಸಿ ನೆರೆಮನೆಯ ಜಗಲಿಗೆ ತಳ್ಳುವುದನ್ನು ಯಾರೂ ಶುಚಿತ್ವವೆನ್ನುವುದಿಲ್ಲ. ಊರಿನ ವಿಷಯಕ್ಕೆ ಬಂದಾಗ ಮಾತ್ರ ಅದಕ್ಕೆ ನಗರಾಭಿವೃದ್ಧಿಯೆಂಬ ದೊಡ್ಡ ಹೆಸರು!

ನಾನಿರುವ ತಿಲಕ್ ನಗರಕ್ಕೆ ಆಡುಗೋಡಿ ಕೂಗಳತೆಯಲ್ಲಿದೆ. 1951ರಲ್ಲಿ ಸ್ಥಾಪಿತವಾದ ಮೈಕೋ ಕಂಪೆನಿ ಅಲ್ಲಿ ದಶಕಗಳ ಕಾಲ ಕಾರ್ಖಾನೆ ನಡೆಸಿತು. 2008ರಲ್ಲಿ ಕಂಪೆನಿಯ ಹೆಸರು ಬಾಷ್ ಎಂದಾಯಿತು. ಜನರ ಬಾಯಲ್ಲಿ ಅದು ಮೈಕೋ ಆಗಿಯೇ ಉಳಿಯಿತು, ಒಂದು ಬಡಾವಣೆಯೇ ಆ ಹೆಸರನ್ನು ಹೊತ್ತಿದೆ. 2015ರಲ್ಲಿ ಬಿಡದಿಯಲ್ಲಿ ಹೊಸ ಕಾರ್ಖಾನೆ ತೆರೆದು ತಯಾರಿಕೆ ಅತ್ತ ಸರಿಯಿತು. 2022ರಲ್ಲಿ ಆಡುಗೋಡಿಯ 76 ಎಕರೆ ಆವರಣ, 800 ಕೋಟಿ ರೂಪಾಯಿ ವೆಚ್ಚದಲ್ಲಿ, ಹತ್ತು ಸಾವಿರ ಮಂದಿಗೆ ಎಡೆಯುಳ್ಳ ಕಚೇರಿಗಳ ನೆಲೆಯಾಗಿ ಉದ್ಘಾಟನೆಗೊಂಡಿತು.

ಕಂಪೆನಿಯನ್ನು ದೂರುವುದು ನನ್ನ ಉದ್ದೇಶವಲ್ಲ. ಅದು ತನ್ನ ಜಮೀನಿನಲ್ಲಿ ತನಗೆ ಬೇಕಾದುದನ್ನು ಕಟ್ಟಿತು. ಮಲ್ಲೇಶ್ವರದ ರಾಜಾ ಮಿಲ್ಲಿನ ನೆಲದಲ್ಲಿ ಮಾಲ್ ಎದ್ದಾಗಲೂ ನಾವು ಕೇಳಲಿಲ್ಲ. ನನ್ನ ತಕರಾರು, ಇಂಥ ಬದಲಾವಣೆಗೆ ನ್ಯಾಯವಾದ ನಿಯಮವೊಂದನ್ನು ಮಾಡದ ಸರಕಾರದೊಡನೆ; ಕೇಳಬೇಕಾದುದನ್ನು ಕೇಳದ ನಮ್ಮೊಡನೆ.

ಕನ್ನಡ ಪಾಠ ಹೇಳುವವನಾದ್ದರಿಂದ ಒಂದು ಮಾತು. ಭಾಷಾಂತರದಲ್ಲಿ ದಾರಿಯಲ್ಲೇ ಅರ್ಥ ಕಳೆದುಹೋದರೆ ಅದನ್ನು ಕೆಟ್ಟ ಭಾಷಾಂತರವೆನ್ನುತ್ತೇವೆ. ಸ್ಥಳಾಂತರಕ್ಕೂ ಇದೇ ಪರೀಕ್ಷೆ ಸಲ್ಲಬೇಡವೇ? ಯಂತ್ರಗಳು ಸುರಕ್ಷಿತವಾಗಿ ತಲುಪಿ, ಕೆಲಸಗಾರನ ಬಾಳು ದಾರಿಯಲ್ಲಿ ಬಿದ್ದುಹೋದರೆ ಅದು ಎಂಥ ಸ್ಥಳಾಂತರ? ಪಾಳಿಯ ಜನರನ್ನೇ ನಂಬಿ ಬದುಕುವ ಚಹದಂಗಡಿ, ಸೈಕಲ್ ಷಾಪುಗಳನ್ನು ಯಾವ ಲಾರಿಯೂ ಹೇರಿಕೊಂಡು ಹೋಗುವುದಿಲ್ಲ.

ಹಾಗಾದರೆ ವಸತಿಯ ನಡುವೆಯೇ ಹೊಗೆ, ಸದ್ದು ಇರಲಿ ಎನ್ನುತ್ತೀರಾ ಎಂದು ಕೇಳುವವರುಂಟು. ಇಲ್ಲ. ಅಪಾಯಕಾರಿಯಾದುದು ಹೋಗಲೇಬೇಕು. ಹೇಗೆ ಹೋಗಬೇಕೆಂಬುದೇ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ವಿಲಾಯಿತಿಗೆ ಹೋಗಬೇಕಾಗಿಲ್ಲ. 1996ರಲ್ಲಿ ಸರ್ವೋಚ್ಚ ನ್ಯಾಯಾಲಯ ದೆಹಲಿಯ 168 ಅಪಾಯಕಾರಿ ಕೈಗಾರಿಕೆಗಳನ್ನು ಊರಾಚೆಗೆ ಹೋಗಬೇಕೆಂದು ಆಜ್ಞಾಪಿಸಿದಾಗ, ಜೊತೆಗೆ ಎರಡು ಕಟ್ಟಳೆಗಳನ್ನೂ ವಿಧಿಸಿತು. ಹೊಸ ಜಾಗಕ್ಕೆ ಬರುವ ಕೆಲಸಗಾರನ ಸೇವೆ ಮುರಿಯಬಾರದು, ಅವನಿಗೆ ಒಂದು ವರ್ಷದ ಸಂಬಳವನ್ನು ಬೋನಸ್ಸಾಗಿ ಕೊಡಬೇಕು. ತೆರವಾದ ನೆಲ 10 ಹೆಕ್ಟೇರಿಗೆ ಮೀರಿದ್ದರೆ ಅದರಲ್ಲಿ ನೂರಕ್ಕೆ 68 ಪಾಲನ್ನು ಹಸಿರಿಗೂ ಸಾರ್ವಜನಿಕರ ಉಪಯೋಗಕ್ಕೂ ಬಿಟ್ಟುಕೊಡಬೇಕು. ಆಜ್ಞೆಯ ಪಾಲನೆ ಹೇಗಾಯಿತೆಂಬುದು ಬೇರೆ ಮಾತು, ತತ್ತ್ವವಂತೂ ನಿಚ್ಚಳ. ಆ ಲೆಕ್ಕವನ್ನು 76 ಎಕರೆಗೆ ಹಾಕಿ ನೋಡಿ: ಐವತ್ತೊಂದು ಎಕರೆಗೂ ಮಿಗಿಲು! ಒಂದು ಮೈದಾನಕ್ಕಾಗಿ ಹಂಬಲಿಸುವ ತಿಲಕ್ ನಗರದ ಮಕ್ಕಳಿಗೆ ಇದು ಸಣ್ಣ ಮಾತೇ?

ಇನ್ನು, ಬರಮಾಡಿಕೊಳ್ಳುವ ಊರಿನ ಗತಿ. ಬಸವನಗುಡಿಯಲ್ಲಿ ಹುಟ್ಟುವ ವೃಷಭಾವತಿ ನಮ್ಮ ಚರಂಡಿಗಳನ್ನೆಲ್ಲ ಹೊತ್ತುಕೊಂಡು ಬಿಡದಿಯ ಬಳಿಯ ಭೈರಮಂಗಲ ಕೆರೆಯನ್ನು ಸೇರುತ್ತದೆ. ಆ ಕೆರೆಯಲ್ಲಿ ಉಕ್ಕುವ ನೊರೆ ನಮ್ಮದು. ನಮ್ಮ ಕೊಳಕು ನೀರಿನ ಹಿಂದೆಯೇ ನಮ್ಮ ಕಾರ್ಖಾನೆಗಳೂ ಅದೇ ದಿಕ್ಕಿಗೆ ಹೊರಟಿವೆ. 2025ರಲ್ಲಿ ಸರಕಾರ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೊಸ ಹೆಸರನ್ನಿಟ್ಟಿತು. ಹೆಸರನ್ನು ಹಂಚಿಕೊಂಡವರು ಶುದ್ಧ ನೀರನ್ನೂ ಹಂಚಿಕೊಳ್ಳಬೇಡವೇ?

ಉದ್ಯೋಗ ದೊರೆಯುವುದಲ್ಲ ಎಂಬ ಸಮಾಧಾನ ಸಾಲದು. ಅನ್ನ ಕೊಟ್ಟ ಮಾತ್ರಕ್ಕೆ ಅದೇ ಕೈ ಬಾವಿಯನ್ನು ಕೆಡಿಸಬಹುದೆಂಬ ನ್ಯಾಯ ಎಲ್ಲಿಯೂ ಇಲ್ಲ.

ಆದ್ದರಿಂದ ಕಾರ್ಖಾನೆಯ ಜಮೀನನ್ನು ಬೇರೆ ಉಪಯೋಗಕ್ಕೆ ಬದಲಿಸಲು ಅನುಮತಿ ಕೊಡುವ ಮುನ್ನ ಸರಕಾರ ಮೂರು ಷರತ್ತುಗಳನ್ನು ಕಾನೂನಾಗಿ ಮಾಡಲಿ. ಗುತ್ತಿಗೆಯವನೂ ಸೇರಿ ಪ್ರತಿಯೊಬ್ಬ ಕೆಲಸಗಾರನಿಗೆ ಹೊಸ ಜಾಗದಲ್ಲಿ ಕೆಲಸ, ಇಲ್ಲವೆ ತಕ್ಕ ಪರಿಹಾರ. ಹೊಸ ಊರಿನಲ್ಲಿ ಗ್ರಾಮಸಭೆಯ ಮುಂದೆ ಲೆಕ್ಕವನ್ನಿಟ್ಟು, ಯಂತ್ರಗಳಿಗಿಂತ ಮುಂಚೆ ನೀರು ಶುದ್ಧಿಯ ಏರ್ಪಾಡು. ಹಳೆಯ ನೆಲದಲ್ಲಿ ಸಾರ್ವಜನಿಕರಿಗೆ ನಿಶ್ಚಿತವಾದ ಪಾಲು. ಮುಂದಿನ ಚುನಾವಣೆಯಲ್ಲಿ ಮತ ಕೇಳಲು ನಮ್ಮ ಬಾಗಿಲಿಗೆ ಬರುವವರನ್ನು ಈ ಮೂರರ ಬಗೆಗೆ ಕೇಳೋಣ. ಉತ್ತರ ಬರುವತನಕ ಅವರನ್ನು ಜಗಲಿಯಲ್ಲೇ ಕೂರಿಸೋಣ.