ಚೀಟಿ ಬರೆಯದ ವೈದ್ಯರು, ಗೋವೈದ್ಯ ಓದದ ವಿದ್ವಾಂಸರು

ಪ್ರಾಚೀನ ಕನ್ನಡ ಶಾಸ್ತ್ರಸಾಹಿತ್ಯದ ಮಾತು ಬಂದಾಗಲೆಲ್ಲ ನಮ್ಮ ವಿಚಾರಸಂಕಿರಣಗಳಲ್ಲಿ ಕೀರ್ತಿವರ್ಮನ ‘ಗೋವೈದ್ಯ’ದ ಹೆಸರು ಒಮ್ಮೆಯಾದರೂ ಕೇಳಿಬರುತ್ತದೆ. ಪಶುಚಿಕಿತ್ಸೆಗೆಂದೇ ಮೀಸಲಾದ ಕನ್ನಡದ ಮೊದಲ ಗ್ರಂಥ, ಕರ್ತೃ ಜೈನ, ಕವಿಚರಿತೆಕಾರರ ಪ್ರಕಾರ ಆರನೆಯ ವಿಕ್ರಮಾದಿತ್ಯನ ತಮ್ಮ. ಇಷ್ಟನ್ನು ಹೇಳಿ ಭಾಷಣಕಾರರು ಮುಂದಿನ ಗ್ರಂಥಕ್ಕೆ ಸಾಗುತ್ತಾರೆ, ಸಭೆ ಹೆಮ್ಮೆಯಿಂದ ತಲೆದೂಗುತ್ತದೆ. ಸಂಸ್ಕೃತದಲ್ಲಿ ಶಾಲಿಹೋತ್ರ, ಪಾಲಕಾಪ್ಯರ ಪರಂಪರೆ ಇರುವಾಗ ಚಾಲುಕ್ಯ ಅರಮನೆಯ ಒಬ್ಬ ವಿದ್ವಾಂಸನಿಗೆ ದನದ ಔಷಧವನ್ನು ಕನ್ನಡದಲ್ಲಿ ಬರೆಯಬೇಕೆಂದು ಏಕೆ ಅನ್ನಿಸಿತು ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಎತ್ತುವುದಿಲ್ಲ.

ನನ್ನ ಉತ್ತರ ಸರಳವಾದುದು. ರೋಗಿ ಮಾತನಾಡದ ವೈದ್ಯದಲ್ಲಿ, ರೋಗಿಯ ಪರವಾಗಿ ಮಾತನಾಡುವವನು ಅದನ್ನು ಸಾಕಿದವನು. ಅವನ ಭಾಷೆಗೆ ಬಾರದ ಪಶುವೈದ್ಯ ಕೊಟ್ಟಿಗೆಯ ಹೊಸ್ತಿಲು ದಾಟಲಾರದು. ಕ್ರಿ.ಶ. 1025ರ ಸುಮಾರಿಗೆ ‘ಲೋಕೋಪಕಾರ’ವನ್ನು ರಚಿಸಿದ ಚಾವುಂಡರಾಯನೂ ಇದನ್ನು ಅರಿತಿದ್ದನೆಂದು ತೋರುತ್ತದೆ. (ಶ್ರವಣಬೆಳಗೊಳದ ಚಾವುಂಡರಾಯನೊಡನೆ ಈತನನ್ನು ಬೆರೆಸುವ ವಿದ್ಯಾರ್ಥಿಗಳು ಪ್ರತಿವರ್ಷ ಸಿಗುತ್ತಾರೆ, ಇಬ್ಬರೂ ಬೇರೆ.) ಅಡುಗೆ, ಅಂತರ್ಜಲ, ವೃಕ್ಷಾಯುರ್ವೇದಗಳ ಸಾಲಿನಲ್ಲಿಯೇ ಆತ ಪಶುಚಿಕಿತ್ಸೆಗೂ ಸ್ಥಳ ಕೊಟ್ಟನು. ಮುಂದೆ ಸುಮಾರು 1400ರಲ್ಲಿ ಅಭಿನವಚಂದ್ರನ ‘ಅಶ್ವವೈದ್ಯ’, 1627ರಲ್ಲಿ ಪದ್ಮಣ ಪಂಡಿತನ ‘ಹಯಸಾರಸಮುಚ್ಚಯ’ ಬಂದವು. ‘ಗೋವೈದ್ಯ’ದಲ್ಲಿ ಔಷಧದ ಜೊತೆಗೆ ಮಂತ್ರವೂ ಇದೆ, ಆ ಪಾಕಗಳನ್ನು ಇಂದು ಯಾರಾದರೂ ದನಕ್ಕೆ ಕುಡಿಸಲಿ ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳುವವರ ಗುಂಪಿಗೂ ಸೇರಿದವನಲ್ಲ. ಉಳಿಸಿಕೊಳ್ಳಬೇಕಾಗಿದ್ದುದು ಅದರ ಮದ್ದಿಗಿಂತ ಅದರ ನಡತೆಯನ್ನು: ರೋಗಕ್ಕೆ ಹೆಸರಿಡುವುದು, ಲಕ್ಷಣ ಹೇಳುವುದು, ಕೊಟ್ಟದ್ದೇನೆಂದು ಸಾಕಿದವನಿಗೆ ತಿಳಿಯುವಂತೆ ಬರೆಯುವುದು. ಆ ನಡತೆ ಇಂದು ಎಷ್ಟು ಉಳಿದಿದೆ?

ಸವದತ್ತಿ ತಾಲ್ಲೂಕಿನ ಹೂಲಿಯಲ್ಲಿ ನನಗೆ ಬಹುಕಾಲದಿಂದ ಪರಿಚಯವಿರುವ ಒಂದು ಕುಟುಂಬವಿದೆ. ಪಂಚಲಿಂಗೇಶ್ವರ ದೇವಾಲಯವನ್ನೂ ಶಾಸನಗಳನ್ನೂ ನೋಡಲು ಹೋದಾಗಲೆಲ್ಲ ಅವರ ಮನೆಯಲ್ಲಿಯೇ ಊಟ. ಅವರು ಒಂದು ನಾಯಿಮರಿ ಸಾಕಿದರು. ಒಂದೂವರೆ ತಿಂಗಳಾದಾಗ ನಗರದ ಒಂದು ಚಿಕಿತ್ಸಾಲಯಕ್ಕೆ ಒಯ್ದು ಲಸಿಕೆ ಹಾಕಿಸಿದರು. ಮತ್ತೆ ಯಾವಾಗ ಬರಬೇಕೆಂದು ಯಾರೂ ಹೇಳಲಿಲ್ಲ. ಲಸಿಕೆಯ ಕಾರ್ಡೂ ಕೈಗೆ ಬರಲಿಲ್ಲ. ಮೂರೂವರೆ ತಿಂಗಳಿಗೆ ಮರಿ ಊಟ ಬಿಟ್ಟಿತು, ವಾಂತಿ ಶುರುವಾಯಿತು, ಮರುದಿನ ರಕ್ತಭೇದಿ. ಅದೇ ಚಿಕಿತ್ಸಾಲಯಕ್ಕೆ ಮೂರು ದಿನ ಹೊತ್ತೊಯ್ದರು. ಮೂರೂ ದಿನ ಸಲಾಯಿನ್, ಮೂರೂ ದಿನ ಇಂಜೆಕ್ಷನ್. “ಏನ ಆಗೇತ್ರಿ ಡಾಕ್ಟರ್ ಇದಕ್ಕ?” ಎಂದು ಮನೆಯ ಹಿರಿಯರು ಕೇಳಿದ್ದಕ್ಕೆ ಸಿಕ್ಕ ಉತ್ತರ, “ಇಂಜೆಕ್ಷನ್ ಮಾಡೇನ್ರಿ ಯಜಮಾನ್ರ, ನಾಳಿಗಿ ಆರಾಮ ಆಕ್ಕೈತಿ.” ನಾಲ್ಕನೆಯ ದಿನ ಬೆಳಗಿನ ಜಾವ ಮರಿ ಸತ್ತಿತು. ಈ ಇಡೀ ಪ್ರಕರಣದಲ್ಲಿ ಆ ಮನೆಗೆ ಬಂದ ಲಿಖಿತ ದಾಖಲೆ ಒಂದೇ: ಹಣ ಸಂದಾಯದ ರಸೀತಿ.

ಲಕ್ಷಣಗಳನ್ನು ನಾನು ಫೋನಿನಲ್ಲಿ ಹೇಳಿದಾಗ ಪರಿಚಿತ ಪಶುವೈದ್ಯರೊಬ್ಬರು ತಕ್ಷಣವೇ ಪಾರ್ವೊ ಇದ್ದೀತೆಂದರು. ಅವರು ವಿವರಿಸಿದ ಸಂಗತಿ ಯಾವ ಪಠ್ಯಪುಸ್ತಕದಲ್ಲಿಯೂ ಇರುವಂಥದು. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವಷ್ಟು ಕಾಲ ಲಸಿಕೆಯನ್ನು ಅದು ನಿಷ್ಫಲಗೊಳಿಸಬಹುದು. ಆದ್ದರಿಂದಲೇ ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಬಳಿಕ ಮೂರು ನಾಲ್ಕು ವಾರಗಳಿಗೊಮ್ಮೆ, ಹದಿನಾರು ವಾರ ತುಂಬುವವರೆಗೆ. ಪೂರ್ಣ ಲಸಿಕೆ ಹಾಕಿದ್ದರೆ ಮರಿ ಖಂಡಿತ ಉಳಿಯುತ್ತಿತ್ತೆಂದು ನಾನು ವಾದಿಸಲಾರೆ. ಚಿಕಿತ್ಸೆ ಕೊಟ್ಟರೂ ಪಾರ್ವೊದಿಂದ ಮರಿಗಳು ಸಾಯುತ್ತವೆ, ಸಾವನ್ನು ತಡೆಯದ ಕಾರಣಕ್ಕೆ ಯಾವ ವೈದ್ಯನನ್ನೂ ಹಳಿಯಬಾರದು. ಆದರೆ “ಇನ್ನು ಮೂರು ವಾರಕ್ಕೆ ತನ್ನಿ” ಎಂಬ ಒಂದು ಸಾಲನ್ನು ಬರೆದುಕೊಡದಿರುವುದಕ್ಕೆ ಯಾವ ಸಮರ್ಥನೆ? ಅದಕ್ಕಿಂತ ಕ್ರೂರವಾದದ್ದು ಮುಂದಿನದು. ಪಾರ್ವೊ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ರೋಗದ ಹೆಸರೇ ಗೊತ್ತಿಲ್ಲದ ಆ ಮನೆಯವರು, ಅಳುವ ಮೊಮ್ಮಗಳಿಗಾಗಿ ಇನ್ನೊಂದು ಮರಿ ತಂದು ಅದೇ ಅಂಗಳದಲ್ಲಿ ಬಿಟ್ಟರು. ಹದಿನೈದು ದಿನ ಕಳೆಯುವಷ್ಟರಲ್ಲಿ ಅದಕ್ಕೂ ವಾಂತಿ, ಅದಕ್ಕೂ ರಕ್ತ.

ಇದಕ್ಕೆ ಬರುವ ಸಮಾಧಾನಗಳನ್ನು ನಾನು ಬಲ್ಲೆ. ಪಶುವೈದ್ಯರ ಸಂಖ್ಯೆ ಸಾಲದು ಎನ್ನುತ್ತಾರೆ. ನಿಜ, ಐದು ಸಾವಿರ ಜಾನುವಾರು ಘಟಕಗಳಿಗೆ ಒಬ್ಬ ವೈದ್ಯನಿರಬೇಕೆಂದು ರಾಷ್ಟ್ರೀಯ ಕೃಷಿ ಆಯೋಗ 1976ರಷ್ಟು ಹಿಂದೆಯೇ ಹೇಳಿತ್ತು, ತಾಲ್ಲೂಕಿನ ಸರಕಾರಿ ಪಶುವೈದ್ಯರ ದಣಿವನ್ನು ಕಂಡವರಾರೂ ಅದನ್ನು ಹಗುರವಾಗಿ ಮಾತನಾಡರು. ಆದರೆ ನಾನು ಹೇಳುತ್ತಿರುವುದು ಹಣ ಪಡೆದು ರಸೀತಿಯನ್ನು ಅಚ್ಚುಕಟ್ಟಾಗಿ ಮುದ್ರಿಸಿಕೊಡುವ ಖಾಸಗಿ ಚಿಕಿತ್ಸಾಲಯದ ಮಾತು. ರಸೀತಿಗೆ ಇರುವ ಬಿಡುವು ರೋಗದ ಹೆಸರಿಗೆ ಏಕಿಲ್ಲ? ಹಳ್ಳಿಯವರಿಗೆ ಬರೆದುಕೊಟ್ಟರೆ ತಿಳಿಯುವುದಿಲ್ಲ ಎಂಬುದು ಎರಡನೆಯ ಸಮಾಧಾನ. ಹೂಲಿಯ ವಿಷಯದಲ್ಲಿ ಈ ಮಾತನ್ನು ಕೇಳಿದರೆ ನಗು ಬರುತ್ತದೆ. ಪೂಲಿಯೆಂಬ ಹೆಸರಿನಿಂದ ಸಾಸಿರ್ವರು ಮಹಾಜನರ ಅಗ್ರಹಾರವಾಗಿದ್ದ, ಯಾಪನೀಯ ಸಂಘದ ಮುನಿಗಳನ್ನು ಶಾಸನದಲ್ಲಿ ಹೆಸರಿಸಿದ ಊರಿದು. ಎಲ್. ಡಿ. ಬಾರ್ನೆಟ್ಟರು ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಿ ಪ್ರಕಟಿಸಿದ ಇಲ್ಲಿಯ ಶಾಸನಗಳನ್ನು ಓದಿದವರಿಗೆ ಗೊತ್ತು, ಕೊಟ್ಟದ್ದನ್ನು ಕನ್ನಡದಲ್ಲಿ ಕಲ್ಲಿನ ಮೇಲೆ ಬರೆದಿಡುವ ರೂಢಿ ಈ ಊರಿಗೆ ಸಾವಿರ ವರ್ಷ ಹಳೆಯದು.

ಮೂರನೆಯ ಸಮಾಧಾನವನ್ನು ಬಾಯಿಬಿಟ್ಟು ಯಾರೂ ಹೇಳುವುದಿಲ್ಲ: ಅದು ನಾಯಿ ತಾನೇ. ಇಲ್ಲಿ ದೋಷ ವೈದ್ಯರೊಬ್ಬರದೇ ಅಲ್ಲ, ನಮ್ಮ ಪರಂಪರೆಯದೂ ಹೌದು. ಮೇಲೆ ಹೆಸರಿಸಿದ ಕೃತಿಗಳ ಶೀರ್ಷಿಕೆಗಳನ್ನೇ ನೋಡಿ: ಹಸು, ಕುದುರೆ, ಉಳುಮೆ, ಹೈನು, ಸೈನ್ಯ. ಕೀರ್ತಿವರ್ಮ ಗೋವಿನ ವೈದ್ಯವನ್ನು ಬರೆದರೆ, ಅವನ ಅಣ್ಣನ ಮಗ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ನಾಯಿಗೆ ಜಾಗ ಕೊಟ್ಟದ್ದು ‘ಸಾರಮೇಯವಿನೋದ’ದಲ್ಲಿ, ಅರಸನ ಕಾಲಕ್ಷೇಪಗಳ ನಡುವೆ. ಆತಕೂರಿನ ಕಲ್ಲನ್ನು ಇದಕ್ಕೆ ಎದುರಾಗಿ ತೋರಿಸುವವರಿದ್ದಾರೆ. ತಕ್ಕೋಲದ ಯುದ್ಧದ ಬಳಿಕ ಮಣಲೆರನು ಬೂತುಗನಿಂದ ಮೆಚ್ಚಾಗಿ ಬೇಡಿ ಪಡೆದ ‘ಕಾಳಿ’ ಎಂಬ ನಾಯಿ ಹಂದಿಯೊಡನೆ ಹೋರಾಡಿ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜಿಸದೆ ಉಣ್ಣುವ ಗೊರವನಿಗೆ ಪಾಪವೆಂದು ವಿಧಿಸಿದರು. ಹತ್ತನೆಯ ಶತಮಾನದ ಆ ಪ್ರೀತಿಯ ಮುಂದೆ ನಾನೂ ತಲೆಬಾಗುತ್ತೇನೆ. ಆದರೂ ಅದು ಸತ್ತ ಮೇಲಿನ ಗೌರವ; ಗಾಯಗೊಂಡ ನಾಯಿಗೆ ಮದ್ದಿನ ಗ್ರಂಥ ಬೇರೆ.

ಭಾಷೆಯಲ್ಲಿ ಈ ಕೊರತೆ ಎಷ್ಟು ಆಳಕ್ಕೆ ಇಳಿದಿದೆಯೆಂದರೆ, ದನದ ರೋಗಗಳಿಗೆ ನಮ್ಮಲ್ಲಿ ಗಂಟಲಬೇನೆ, ಚಪ್ಪೆಬೇನೆ, ಕಾಲುಬಾಯಿ ಬೇನೆ, ನೆರಡಿ, ಕೆಚ್ಚಲುಬಾವು ಎಂಬ ಸ್ಪಷ್ಟವಾದ ಹೆಸರುಗಳಿವೆ. ಇಲಾಖೆಯ ಕರಪತ್ರಗಳೂ ಅವನ್ನೇ ಬಳಸುತ್ತವೆ. ನಾಯಿಯ ವಿಷಯದಲ್ಲಿ ಜನರ ಬಾಯಲ್ಲಿರುವುದು ಹುಚ್ಚು ಮತ್ತು ಕಜ್ಜಿ ಎರಡೇ, ಎರಡೂ ಬೈಗುಳವಾಗಿವೆ. ಮುಧೋಳ ನಾಯಿಗೆ 2005ರಲ್ಲಿ ಅಂಚೆಚೀಟಿ ಬಂದಿತು, ನಾವೆಲ್ಲ ಸಂಭ್ರಮಿಸಿದೆವು. ಅದೇ ನಾಯಿಗೆ ಬರುವ ರೋಗವನ್ನು ಸಾಕಿದವನಿಗೆ ತಿಳಿಹೇಳಲು ನಾಲ್ಕು ಕನ್ನಡ ಪದಗಳಿಲ್ಲ.

ಆದುದರಿಂದ ಎರಡು ಬೇಡಿಕೆಗಳಿವೆ. ಪ್ರತಿಯೊಂದು ಚಿಕಿತ್ಸಾಲಯವೂ ಶಂಕಿತ ರೋಗದ ಹೆಸರು, ಕೊಟ್ಟ ಔಷಧ ಮತ್ತು ಪ್ರಮಾಣ, ಮತ್ತೆ ಬರಬೇಕಾದ ದಿನಾಂಕ, ಮನೆಯಲ್ಲಿ ವಹಿಸಬೇಕಾದ ಎಚ್ಚರ, ಇಷ್ಟನ್ನು ಕನ್ನಡದಲ್ಲಿ ಬರೆದು ಸಾಕಿದವರ ಕೈಗೆ ಕೊಡಬೇಕು. ಕೊಡದಿದ್ದರೆ ಹಣ ಕೊಡುವ ಮುನ್ನ ನಾವು ಕೇಳಬೇಕು. ಇನ್ನೊಂದು ನಮ್ಮ ಕನ್ನಡ ವಿಭಾಗಗಳಿಗೆ. ‘ಗೋವೈದ್ಯ’ವನ್ನು ಐದು ಅಂಕಗಳ ಟಿಪ್ಪಣಿಯಾಗಿ ಬಾಯಿಪಾಠ ಮಾಡಿಸುವುದನ್ನು ಬಿಟ್ಟು, ಅದರ ರೋಗನಾಮಗಳನ್ನೂ ಸವದತ್ತಿ, ರಾಮದುರ್ಗದ ಕುರುಬರು, ರೈತರು ಇಂದು ಬಳಸುವ ಹೆಸರುಗಳನ್ನೂ ಎದುರುಬದುರು ಇಟ್ಟು ಒಂದು ಕೋಶವನ್ನು ಸಿದ್ಧಪಡಿಸುವ ಸಂಶೋಧಕರು ಬೇಕು. ಆ ಕೋಶದಲ್ಲಿ ನಾಯಿ, ಬೆಕ್ಕುಗಳ ಪುಟ ಖಾಲಿ ಉಳಿಯುತ್ತದೆ. ಅಲ್ಲಿ ಮೊದಲ ಪದವನ್ನು ಬರೆಯುವ ಕೆಲಸಕ್ಕೆ ಪಶುವೈದ್ಯರೊಬ್ಬರನ್ನು ಜೊತೆಗೆ ಕೂರಿಸಿಕೊಳ್ಳಿ.